ಸರಬರಾಜಿನ ಸರಪಳಿ ಯಾರ ಕೈಯಲ್ಲಿ?

2024ರ ಆಗಸ್ಟ್ 22ನೆಯ ತಾರೀಖು ಭಾರತ ಸರ್ಕಾರದ ಮತ್ತು ಅಮೆರಿಕ ಸರ್ಕಾರದ ಅಧಿಕಾರಿಗಳು ವಾಷಿಂಗ್ಟನ್ ನಗರದಲ್ಲಿ ಒಂದು ಕಾಗದಕ್ಕೆ ರುಜು ಹಾಕಿದರು. ದೇಶರಕ್ಷಣೆಗೆ ಬೇಕಾದ ಮಾಲನ್ನು, ಬಿಡಿಭಾಗಗಳನ್ನು ಒಬ್ಬರು ಕೇಳಿದಾಗ ಇನ್ನೊಬ್ಬರು ತಮ್ಮ ದೇಶದ ಕಾರ್ಖಾನೆಗಳಿಂದ ಮೊದಲ ಸರದಿಯಲ್ಲಿ ಕೊಡಿಸಲು ನೆರವಾಗತಕ್ಕದ್ದು ಎಂಬುದು ಅದರ ತಿರುಳು. ಅಮೆರಿಕದೊಡನೆ ಇಂಥ ಏರ್ಪಾಡು ಮಾಡಿಕೊಂಡ ದೇಶಗಳಲ್ಲಿ ನಮ್ಮದು 18ನೆಯದು. ಇದು ಕಾನೂನಿನಿಂದ ಕಟ್ಟಿಹಾಕುವ ಕರಾರಲ್ಲ. ಮಾತು ತಪ್ಪಿದರೆ ಕೇಳುವ ನ್ಯಾಯಾಲಯವಿಲ್ಲ. ನಂಬಿಕೆಯ ಮೇಲೆ ನಡೆಯುವ ವ್ಯವಹಾರ.

ಇದರಿಂದ ಗಿರಣಿಯ ಕೂಲಿಗಾರನಿಗೇನು, ಪೇಟೆಯ ಅಂಗಡಿಕಾರನಿಗೇನು ಎಂದು ನಮ್ಮ ವಾಚಕರಲ್ಲಿ ಕೆಲವರು ಕೇಳಬಹುದು. ವಿಮಾನ, ರಾಕೆಟ್ಟು, ಉಪಗ್ರಹ ಇವೆಲ್ಲ ದೆಹಲಿಯವರ ಮತ್ತು ಬೆಂಗಳೂರಿನವರ ವಿಚಾರ, ನಮಗೆ ಅಕ್ಕಿಯ ಧಾರಣೆ ಸಾಕು ಎಂದು ಸುಮ್ಮನಾಗುವವರೂ ಉಂಟು. ಈ ಮನೋಭಾವ ಸರಿಯಲ್ಲ. ಈ ವಿಮಾನಗಳಿಗೆ ಸುರಿಯುವ ಸಾವಿರಾರು ಕೋಟಿ ರೂಪಾಯಿ ನಮ್ಮ ತೆರಿಗೆಯ ದುಡ್ಡು. ಅವನ್ನು ಕಟ್ಟುವ ಕೈಗಳು ನಮ್ಮಂಥವರ ಕೈಗಳು. ಯುದ್ಧ ಬಂದಾಗ ಬಿಡಿಭಾಗವಿಲ್ಲದ ವಿಮಾನದ ಕೆಳಗೆ ನಿಲ್ಲುವವರೂ ನಮ್ಮ ಮನೆಯ ಮಕ್ಕಳೇ. ಆದುದರಿಂದ ಕರಿಹಲಗೆಯ ಮೇಲೆ ಲೆಕ್ಕ ಬಿಡಿಸಿದಂತೆ ಈ ವಿಚಾರವನ್ನು ಬಿಡಿಸಿ ಹೇಳಲು ನಾವು ಯತ್ನಿಸುತ್ತೇವೆ.

ಗಿರಣಿಯಲ್ಲಿ ದುಡಿದವರಿಗೆ ಒಂದು ಮಾತು ಚೆನ್ನಾಗಿ ಗೊತ್ತು. ಹೊರದೇಶದಿಂದ ತಂದ ಒಂದು ಯಂತ್ರ ಇದೆ. ಅದರ ಒಂದು ಹಲ್ಲಿನ ಚಕ್ರ ಮುರಿಯಿತು. ನೂರಾರು ಕದಿರುಗಳು ಸರಿಯಾಗಿವೆ, ಹತ್ತಿ ಇದೆ, ವಿದ್ಯುತ್ ಇದೆ, ಆಳುಗಳಿದ್ದಾರೆ. ಆದರೂ ಯಂತ್ರ ನಿಂತಿದೆ. ಆ ಚಕ್ರ ಮಾಡುವವನು ಸಮುದ್ರದಾಚೆ ಇದ್ದಾನೆ. ಅವನು ಹೇಳಿದ್ದೇ ಬೆಲೆ, ಅವನು ಕಳಿಸಿದ್ದೇ ದಿನ. ಅಲ್ಲಿಯವರೆಗೆ ಪಾಳಿ ಇಲ್ಲ, ಪಾಳಿ ಇಲ್ಲದಿದ್ದರೆ ಕೂಲಿ ಇಲ್ಲ. ಅಂಗಡಿಕಾರರಿಗೂ ಇದರ ಅನುಭವವಿದೆ. ಒಬ್ಬನೇ ಸಗಟು ಸಾಹುಕಾರನನ್ನು ನಂಬಿ ಅಂಗಡಿ ಇಟ್ಟವನು ಆ ಸಾಹುಕಾರನ ಮುಖ ನೋಡಿಕೊಂಡೇ ಬಾಳಬೇಕು. ದೇಶಗಳ ಸ್ಥಿತಿಯೂ ಇಷ್ಟೇ. ಚಕ್ರದ ಬದಲು ಎಂಜಿನ್ ಎನ್ನಿ, ಸಾಹುಕಾರನ ಬದಲು ಮಿತ್ರರಾಷ್ಟ್ರ ಎನ್ನಿ.

ಬೆಂಗಳೂರಿನ ವಿಮಾನ, ಹೊರಗಿನ ಎಂಜಿನ್

ಬೆಂಗಳೂರಿನ ಹಿಂದುಸ್ತಾನ್ ವಿಮಾನ ಕಾರ್ಖಾನೆ 1940ರಲ್ಲಿ ಮೈಸೂರು ಸಂಸ್ಥಾನದ ಹಣದ ನೆರವಿನಿಂದಲೇ ಹುಟ್ಟಿತು. ಅಲ್ಲಿ ಜರ್ಮನಿಯ ಕುರ್ಟ್ ಟ್ಯಾಂಕ್ ಎಂಬ ಇಂಜಿನಿಯರರ ನೇತೃತ್ವದಲ್ಲಿ ನಮ್ಮವರು ಒಂದು ಯುದ್ಧವಿಮಾನದ ನಕ್ಷೆ ಹಾಕಿದರು. ಅದರ ಹೆಸರು ಮಾರುತ್. 1961ರ ಜೂನ್ 17ರಂದು ಅದು ಬೆಂಗಳೂರಿನಲ್ಲಿ ಮೊದಲ ಬಾರಿ ಹಾರಿತು. ವಿಮಾನದ ಮೈಕಟ್ಟು ಶಬ್ದದ ವೇಗವನ್ನು ಮೀರಿ ಹೋಗಲು ತಕ್ಕದ್ದಾಗಿತ್ತು. ಆದರೆ ಅದಕ್ಕೆ ತಕ್ಕ ಎಂಜಿನ್ ನಮ್ಮಲ್ಲಿರಲಿಲ್ಲ. ಬ್ರಿಟನ್ನಿನ ಆರ್ಫಿಯಸ್ ಎಂಜಿನ್ನಿನ ಬಲವಾದ ಮಾದರಿ ಬರುತ್ತದೆಂದು ನಂಬಿ ವಿಮಾನ ಕಟ್ಟಲಾಗಿತ್ತು. ಆ ಮಾದರಿಯನ್ನು ಪೂರ್ತಿ ಮಾಡಬೇಕಾದರೆ ಹಣ ಕೊಡಿ ಎಂದು ಅವರು ಕೇಳಿದರು, ನಮ್ಮ ಸರ್ಕಾರ ಕೊಡಲಿಲ್ಲ. ಈಜಿಪ್ಟಿನಲ್ಲಿ ತಯಾರಾಗುತ್ತಿದ್ದ ಎಂಜಿನ್ನನ್ನು ಪರೀಕ್ಷಿಸಿದರು, ಅದೂ ಕೈಗೂಡಲಿಲ್ಲ. ಕೊನೆಗೆ ಮಾರುತ್ ತನ್ನ ಶಕ್ತಿಗೆ ಕಡಿಮೆಯಾದ ಎಂಜಿನ್ನಿನಲ್ಲೇ 1971ರ ಯುದ್ಧವನ್ನು ಮಾಡಿತು. ಒಳ್ಳೆಯ ಹೋರಿಗೆ ಮುರುಕು ಗಾಡಿ ಕಟ್ಟುವುದುಂಟು, ಇಲ್ಲಿ ಒಳ್ಳೆಯ ಗಾಡಿಗೆ ಬಡಕಲು ಎತ್ತು ಕಟ್ಟಿದಂತಾಯಿತು.

ಎರಡನೆಯ ಪಾಠ ರಾಕೆಟ್ಟಿನದು. ಭಾರವಾದ ಉಪಗ್ರಹಗಳನ್ನು ಮೇಲೆ ಕಳಿಸಲು ಕ್ರಯೋಜೆನಿಕ್ ಎಂಜಿನ್ ಬೇಕು. ಸೊನ್ನೆಗಿಂತ 253 ಡಿಗ್ರಿ ಕೆಳಗೆ ತಣ್ಣಗೆ ಮಾಡಿದ ಜಲಜನಕವನ್ನೂ, 183 ಡಿಗ್ರಿ ಕೆಳಗಿನ ಆಮ್ಲಜನಕವನ್ನೂ ಸೇರಿಸಿ ಉರಿಸುವ ವಿದ್ಯೆ ಅದು. 1991ರ ಜನವರಿಯಲ್ಲಿ ಸೋವಿಯತ್ ದೇಶದ ಗ್ಲಾವ್‌ಕಾಸ್ಮೋಸ್ ಸಂಸ್ಥೆಯೊಡನೆ ನಮ್ಮ ಬಾಹ್ಯಾಕಾಶ ಸಂಸ್ಥೆ ಒಪ್ಪಂದ ಮಾಡಿಕೊಂಡಿತು. ಎಂಜಿನ್ನೂ ಬರಬೇಕು, ಅದನ್ನು ಮಾಡುವ ವಿದ್ಯೆಯೂ ಬರಬೇಕು ಎಂಬುದು ಷರತ್ತು. ಅದೇ ವರ್ಷದ ಕೊನೆಯಲ್ಲಿ ಸೋವಿಯತ್ ಒಕ್ಕೂಟವೇ ಮುಗಿದುಹೋಯಿತು. 1992ರ ಮೇ ತಿಂಗಳಲ್ಲಿ ಅಮೆರಿಕವು ಇದು ಕ್ಷಿಪಣಿ ಮಾಡುವ ವಿದ್ಯೆಯೆಂದು ಹೇಳಿ ಎರಡೂ ಸಂಸ್ಥೆಗಳ ಮೇಲೆ ನಿರ್ಬಂಧ ಹಾಕಿತು. 1993ರಲ್ಲಿ ರಷ್ಯ ಆ ಒತ್ತಡಕ್ಕೆ ಬಾಗಿತು. ಸಿದ್ಧವಾದ ಎಂಜಿನ್ನುಗಳನ್ನು ಕೊಡುತ್ತೇವೆ, ವಿದ್ಯೆಯನ್ನು ಕೊಡುವುದಿಲ್ಲ ಎಂದಿತು.

ಕಟ್ಟಿಕೊಟ್ಟ ಬುತ್ತಿ, ಹೇಳಿಕೊಟ್ಟ ಬುದ್ಧಿ ಬಹಳ ದಿನ ಬಾರದು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಇಲ್ಲಿ ಬುದ್ಧಿಯನ್ನೂ ಹೇಳಿಕೊಡಲಿಲ್ಲ, ಬುತ್ತಿಯನ್ನು ಮಾತ್ರ ಎಣಿಸಿ ಕೊಟ್ಟರು. ನಮ್ಮ ಇಂಜಿನಿಯರರು, ಕುಶಲಕರ್ಮಿಗಳು ತಾವೇ ಕಲಿಯಲು ಕುಳಿತರು. 2010ರ ಏಪ್ರಿಲ್ 15ರಂದು ಸ್ವದೇಶಿ ಎಂಜಿನ್ ಹೊತ್ತ ಮೊದಲ ರಾಕೆಟ್ಟು ಸಮುದ್ರಕ್ಕೆ ಬಿತ್ತು. ಅವರು ಕೈಬಿಡಲಿಲ್ಲ. 2014ರ ಜನವರಿ 5ರಂದು ಎಂಜಿನ್ ಉರಿಯಿತು, ಉಪಗ್ರಹ ತನ್ನ ದಾರಿಗೆ ಸೇರಿತು. ಮೊದಲ ಒಪ್ಪಂದದಿಂದ ಆ ದಿನದವರೆಗೆ 23 ವರ್ಷ. ಒಬ್ಬ ಕೆಲಸಗಾರ ಹದಿಹರೆಯದಲ್ಲಿ ಕೆಲಸಕ್ಕೆ ಸೇರಿ ಅವನ ಮಗ ಕೆಲಸಕ್ಕೆ ಸೇರುವಷ್ಟು ಕಾಲ.

ಮೂರನೆಯ ಪಾಠ ತೇಜಸ್ ವಿಮಾನದ್ದು. 1998ರಲ್ಲಿ ಪೋಖರಣ್ ಪರೀಕ್ಷೆ ನಡೆದಾಗ ಅಮೆರಿಕದಲ್ಲಿ ಆ ವಿಮಾನದ ನಿಯಂತ್ರಣ ವ್ಯವಸ್ಥೆಯ ಮೇಲೆ ಕೆಲಸ ಮಾಡುತ್ತಿದ್ದ ನಮ್ಮ ಇಂಜಿನಿಯರರು ಹಿಂದಿರುಗಬೇಕಾಯಿತು. ಉಳಿದದ್ದನ್ನು ಇಲ್ಲೇ ಮಾಡಿ ಮುಗಿಸಿ 2001ರ ಜನವರಿ 4ರಂದು ವಿಮಾನವನ್ನು ಹಾರಿಸಿದರು. ಆದರೆ ಎಂಜಿನ್ ಮಾತ್ರ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯದೇ. 2021ರಲ್ಲಿ ವಾಯುಪಡೆ 83 ತೇಜಸ್ ವಿಮಾನಗಳಿಗೆ ಬೆಂಗಳೂರಿನ ಕಾರ್ಖಾನೆಗೆ ಆರ್ಡರು ಕೊಟ್ಟಿತು. ಕಾರ್ಖಾನೆ 99 ಎಂಜಿನ್ನುಗಳಿಗೆ 5,375 ಕೋಟಿ ರೂಪಾಯಿನ ಆರ್ಡರನ್ನು ಅಮೆರಿಕದ ಕಂಪೆನಿಗೆ ಕೊಟ್ಟಿತು. ಮೊದಲ ಎಂಜಿನ್ ಬಂದದ್ದು 2025ರ ಮಾರ್ಚ್ ತಿಂಗಳಲ್ಲಿ. ಅಷ್ಟರೊಳಗೆ ವಿಮಾನವೇ ವಾಯುಪಡೆಯ ಕೈಸೇರಬೇಕಾಗಿದ್ದ ಗಡುವು ಒಂದು ವರ್ಷ ಮೀರಿತ್ತು.

ಏಕೆ ತಡವಾಯಿತು? ಇಲ್ಲಿ ದ್ವೇಷವಿರಲಿಲ್ಲ, ನಿರ್ಬಂಧವಿರಲಿಲ್ಲ, ಎರಡೂ ಸರ್ಕಾರಗಳು ಕೈಕುಲುಕುತ್ತಿದ್ದ ಕಾಲವದು. ಹಿಂದಿನ 65 ಎಂಜಿನ್ನುಗಳನ್ನು ಕೊಟ್ಟ ಮೇಲೆ ಹೊಸ ಆರ್ಡರು ಇಲ್ಲದ್ದರಿಂದ 2016ರಲ್ಲಿ ಆ ಎಂಜಿನ್ನಿನ ತಯಾರಿಕೆಯನ್ನೇ ನಿಲ್ಲಿಸಿದ್ದೆವು, ಐದು ವರ್ಷ ನಿಂತಿದ್ದ ಸಾಲನ್ನು ಮತ್ತೆ ಶುರು ಮಾಡಿ ಬೇರೆ ಬೇರೆ ದೇಶಗಳಲ್ಲಿದ್ದ ಸರಬರಾಜುದಾರರನ್ನು ಮತ್ತೆ ಕೂಡಿಸಬೇಕಾಯಿತು ಎಂದು ಕಂಪೆನಿಯೇ ಹೇಳಿಕೊಂಡಿತು. ಇದರ ಅರ್ಥವನ್ನು ವಾಚಕರು ಗಮನಿಸಬೇಕು. ಮಿತ್ರನು ಮೋಸ ಮಾಡಬೇಕಾಗಿಲ್ಲ. ಅವನ ಲಾಭನಷ್ಟದ ಲೆಕ್ಕದಲ್ಲಿ ನಮ್ಮ ಆರ್ಡರು ಚಿಕ್ಕದಾದರೆ ಸಾಕು, ನಮ್ಮ ಗಗನ ಕಾಯುವ ಕೆಲಸ ನಿಂತುಹೋಗುತ್ತದೆ. ಬೆಂಗಳೂರಿನಲ್ಲಿ ವಿಮಾನದ ಮೈ ಸಿದ್ಧ, ಎಂಜಿನ್ ಇರಬೇಕಾದ ಜಾಗ ಮಾತ್ರ ಖಾಲಿ!

ಬಲಿಷ್ಠರ ಮನೆಯ ಬೀಗದ ಕೈ

ಬಡ ದೇಶಗಳಿಗೆ ಮಾತ್ರ ಈ ಕಷ್ಟ ಎಂದು ತಿಳಿಯಬಾರದು. ಜಗತ್ತಿನ ಅತ್ಯಂತ ಬಲಿಷ್ಠ ದೇಶವೆನಿಸಿದ ಅಮೆರಿಕದ ಕಥೆಯನ್ನೇ ನೋಡೋಣ. 2022ರ ಸೆಪ್ಟೆಂಬರ್‌ನಲ್ಲಿ ಎಫ್-35 ಎಂಬ ಅವರ ಹೊಸ ಯುದ್ಧವಿಮಾನಗಳನ್ನು ಸೇನೆ ಕಾರ್ಖಾನೆಯಿಂದ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಕಾರಣ ಒಂದು ಸಣ್ಣ ಅಯಸ್ಕಾಂತ. ಎಂಜಿನ್ ಚಾಲೂ ಮಾಡಲು ನೆರವಾಗುವ ಒಂದು ಯಂತ್ರದೊಳಗಿನ ಆ ಅಯಸ್ಕಾಂತಕ್ಕೆ ಬಳಸಿದ ಕೋಬಾಲ್ಟ್-ಸಮೇರಿಯಂ ಮಿಶ್ರಲೋಹ ಚೀನದಿಂದ ಬಂದದ್ದೆಂದು ಪತ್ತೆಯಾಯಿತು. ಯಾವ ದೇಶವನ್ನು ಎದುರಿಸಲು ವಿಮಾನ ಕಟ್ಟುತ್ತಿದ್ದರೋ ಅದೇ ದೇಶದ ಲೋಹ ಅದರ ಹೊಟ್ಟೆಯಲ್ಲಿತ್ತು. ಬೇರೆ ದಾರಿ ಕಾಣದೆ ವಿಶೇಷ ಅನುಮತಿ ಬರೆದುಕೊಟ್ಟು ಆ ವಿಮಾನಗಳನ್ನು ಒಪ್ಪಿಕೊಂಡರು.

ಈ ಲೋಹಗಳಿಗೆ ವಿರಳ ಭಸ್ಮಗಳೆಂದು ಹೆಸರು. ಹೆಸರಿಗೆ ವಿರಳ, ನಿಜವಾಗಿ ಭೂಮಿಯಲ್ಲಿ ಹಲವು ಕಡೆ ಇವೆ. ಬೇರ್ಪಡಿಸುವುದು ಮಾತ್ರ ಕಷ್ಟದ, ಕೊಳಕಿನ ಕೆಲಸ. ಆ ಕೆಲಸದ ಸುಮಾರು ನೂರಕ್ಕೆ 90 ಭಾಗವನ್ನು ಚೀನ ತನ್ನ ಕೈಗೆ ತೆಗೆದುಕೊಂಡಿದೆ. 2010ರಲ್ಲಿ ಸಮುದ್ರದ ಗಡಿಯ ಜಗಳವಾದಾಗ ಜಪಾನಿಗೆ ಬರುತ್ತಿದ್ದ ಮಾಲು ನಿಂತಿತು. 2025ರ ಏಪ್ರಿಲ್ 4ರಂದು ಚೀನವು ಏಳು ಬಗೆಯ ವಿರಳ ಭಸ್ಮಗಳಿಗೂ ಅವುಗಳ ಅಯಸ್ಕಾಂತಗಳಿಗೂ ರಫ್ತು ಪರವಾನಗಿ ಕಡ್ಡಾಯ ಮಾಡಿತು. ಅಮೆರಿಕ, ಯೂರೋಪು, ಭಾರತ ಎಲ್ಲೆಡೆ ಮೋಟಾರು ಕಾರ್ಖಾನೆಗಳು ದಿನ ಎಣಿಸತೊಡಗಿದವು.

ಚೀನಕ್ಕೆ ಈ ಬೀಗದ ಕೈಯನ್ನು ಕೊಟ್ಟವರು ಯಾರು? ಗಿರಣಿ ಕೆಲಸಗಾರರು ಇದನ್ನು ಮನಸ್ಸಿಟ್ಟು ಓದಬೇಕು. ಇಂದು ಎಲ್ಲರಿಗೂ ಬೇಕಾದ ಆ ಬಲವಾದ ಅಯಸ್ಕಾಂತವನ್ನು 1980ರ ದಶಕದಲ್ಲಿ ಕಂಡುಹಿಡಿದವರಲ್ಲಿ ಜಪಾನಿನವರೊಡನೆ ಅಮೆರಿಕದ ಜನರಲ್ ಮೋಟಾರ್ಸ್ ಕಂಪೆನಿಯವರೂ ಇದ್ದರು. ಮ್ಯಾಗ್ನಿಕ್ವೆಂಚ್ ಎಂಬ ಹೆಸರಿನಿಂದ ಇಂಡಿಯಾನಾ ಪ್ರಾಂತದಲ್ಲಿ ಕಾರ್ಖಾನೆ ತೆರೆದರು. 1995ರಲ್ಲಿ ಲಾಭದ ಲೆಕ್ಕ ಹಾಕಿ ಚೀನದ ಸರ್ಕಾರಿ ಕಂಪೆನಿಗಳು ಸೇರಿದ್ದ ಒಂದು ಕೂಟಕ್ಕೆ ಅದನ್ನು ಮಾರಿದರು. ಅಲ್ಲಿಂದ ಹತ್ತು ವರ್ಷ ತುಂಬುವುದರೊಳಗೆ ಇಂಡಿಯಾನಾದ ಕೆಲಸ ಮುಚ್ಚಿತು, ತಯಾರಿಕೆ ಚೀನಕ್ಕೆ ಹೋಯಿತು. ಕ್ಯಾಲಿಫೋರ್ನಿಯಾದ ಮೌಂಟನ್ ಪಾಸ್ ಗಣಿ 2002ರಲ್ಲಿ ಕೆಲಸ ನಿಲ್ಲಿಸಿತು. ಮತ್ತೆ ತೆರೆದ ಮೇಲೂ ಅಗೆದ ಅದಿರನ್ನು ಶುದ್ಧಿಗಾಗಿ ಚೀನಕ್ಕೆ ಕಳಿಸುತ್ತಿದ್ದರು. ಕೆಲಸಗಾರರು ಬೀದಿಗೆ ಬಿದ್ದ ದಿನ ದೇಶದ ಭದ್ರತೆಯ ಮಾತು ಬಂಡವಾಳಗಾರರ ಕಿವಿಗೆ ಬೀಳಲಿಲ್ಲ. 2025ರ ಜುಲೈನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಅದೇ ಗಣಿಯ ಕಂಪೆನಿಯಲ್ಲಿ 40 ಕೋಟಿ ಡಾಲರ್ ಪಾಲು ಹಾಕಿತು. ಮಾಲಿಗೆ ಕಿಲೋಗೆ 110 ಡಾಲರಿಗಿಂತ ಕಡಿಮೆ ಬೆಲೆ ಬಂದರೆ ವ್ಯತ್ಯಾಸವನ್ನು ಹತ್ತು ವರ್ಷ ಸರ್ಕಾರವೇ ತುಂಬುವುದಾಗಿ ಮಾತು ಕೊಟ್ಟಿತು. ಮಾರಿದಾಗ ಬಂದ ಲಾಭ ಧಣಿಗೆ, ಮತ್ತೆ ಕಟ್ಟುವ ಖರ್ಚು ಪ್ರಜೆಗೆ. ಮಾರುಕಟ್ಟೆಯೇ ಎಲ್ಲವನ್ನೂ ಸರಿಮಾಡುತ್ತದೆ ಎಂದು ನಮಗೆ ಉಪದೇಶ ಮಾಡುವ ದೇಶದಲ್ಲೇ ಸರ್ಕಾರ ಗಣಿಯ ಪಾಲುಗಾರನಾಗಬೇಕಾಯಿತು ಎಂಬುದನ್ನು ನಮ್ಮ ಆಳುವವರು ಗಮನಿಸಲಿ.

ಸ್ನೇಹಕ್ಕೆ ಬೆಲೆ ಎಷ್ಟು?

ಹಾಗಾದರೆ ಯಾವ ದೇಶದ ಸಹವಾಸವೂ ಬೇಡ, ಬಾಗಿಲು ಹಾಕಿಕೊಂಡು ಕುಳಿತಿರಿ ಎಂದು ನಾವು ಹೇಳುತ್ತೇವೆಯೆ? ಖಂಡಿತ ಇಲ್ಲ. ಇಂದಿನ ವಿಮಾನಕ್ಕೆ, ಉಪಗ್ರಹಕ್ಕೆ ಬೇಕಾದ ಸಾವಿರಾರು ವಸ್ತುಗಳನ್ನು ಯಾವ ಒಂದು ದೇಶವೂ ಒಂಟಿಯಾಗಿ ಮಾಡಲಾರದು. ಜಪಾನು 2010ರ ಪೆಟ್ಟು ತಿಂದ ಮೇಲೆ ಆಸ್ಟ್ರೇಲಿಯಾದ ಲೈನಸ್ ಕಂಪೆನಿಗೆ ಹಣ ಹಾಕಿತು. ಗಣಿ ಆಸ್ಟ್ರೇಲಿಯಾದಲ್ಲಿ, ಶುದ್ಧಿ ಮಲೇಷ್ಯಾದಲ್ಲಿ, ಮಾಲು ಜಪಾನಿಗೆ. ಹೀಗೆ ಚೀನದ ಮೇಲಿನ ಅವಲಂಬನೆಯನ್ನು ನೂರಕ್ಕೆ ತೊಂಬತ್ತರಿಂದ ಸುಮಾರು ಅರವತ್ತಕ್ಕೆ ಇಳಿಸಿಕೊಂಡಿತು. ಇದು ಮಿತ್ರಕೂಟದಿಂದ ಆದ ಒಳಿತು. ಆದರೆ ಆ ಶುದ್ಧೀಕರಣದಿಂದ ಉಳಿಯುವ ವಿಕಿರಣದ ಕಸ ಎಲ್ಲಿಗೆ ಹೋಗಬೇಕೆಂದು ಮಲೇಷ್ಯಾದ ಕುವಾಂತನ್ ಪಟ್ಟಣದ ಜನ ವರ್ಷಗಟ್ಟಲೆ ಚಳವಳಿ ಮಾಡಬೇಕಾಯಿತು. ಕೂಟದಲ್ಲಿ ಲಾಭ ಒಬ್ಬರಿಗೆ, ಕಸ ಇನ್ನೊಬ್ಬರಿಗೆ ಎಂದಾದರೆ ಅದು ಸ್ನೇಹವಲ್ಲ.

ಸ್ನೇಹದಲ್ಲಿ ತಲೆಯೆತ್ತಿ ನಿಲ್ಲುವುದು ಹೇಗೆ ಎಂಬುದಕ್ಕೂ ನಿದರ್ಶನ ನಮ್ಮಲ್ಲೇ ಇದೆ. 2022ರ ಮಾರ್ಚ್‌ನಲ್ಲಿ ಉಕ್ರೇನಿನ ಯುದ್ಧ ಹೊತ್ತಿಕೊಂಡಾಗ ಬ್ರಿಟನ್ನಿನ ಒನ್‌ವೆಬ್ ಕಂಪೆನಿಯ 36 ಉಪಗ್ರಹಗಳನ್ನು ಹಾರಿಸಲು ರಷ್ಯ ಒಪ್ಪಲಿಲ್ಲ, ಹಿಂದಕ್ಕೂ ಕೊಡಲಿಲ್ಲ. ಆ ಕಂಪೆನಿ ನಮ್ಮ ಬಾಗಿಲಿಗೆ ಬಂತು. 2022ರ ಅಕ್ಟೋಬರ್ 23ರಂದು 36, 2023ರ ಮಾರ್ಚ್ 26ರಂದು ಇನ್ನೂ 36 ಉಪಗ್ರಹಗಳನ್ನು ಶ್ರೀಹರಿಕೋಟೆಯಿಂದ ನಮ್ಮ ರಾಕೆಟ್ಟು ಮೇಲಕ್ಕೆ ಒಯ್ದಿತು. ಆ ರಾಕೆಟ್ಟಿನ ಮೇಲಿನ ಹಂತದಲ್ಲಿ ಉರಿದದ್ದು ಸ್ವದೇಶಿ ಕ್ರಯೋಜೆನಿಕ್ ಎಂಜಿನ್. 1993ರಲ್ಲಿ ನಮಗೆ ಕೊಡಲಾರೆವೆಂದ ವಿದ್ಯೆ ಅದೇ. ನಮ್ಮಲ್ಲಿ ವಿದ್ಯೆ ಇದ್ದುದರಿಂದ ಇನ್ನೊಬ್ಬರು ನಮ್ಮನ್ನು ಹುಡುಕಿಕೊಂಡು ಬಂದರು. ಕೈಯಲ್ಲಿ ಕಸುಬಿರುವವನ ಸ್ನೇಹಕ್ಕೆ ಬೆಲೆಯುಂಟು, ಬರಿಗೈಯವನ ಸ್ನೇಹಕ್ಕೆ ಹಂಗುಂಟು.

ಇನ್ನೊಂದು ಮಾತನ್ನೂ ಮರೆಯಬಾರದು. ಸರಬರಾಜಿನ ಕಾಗದಕ್ಕೆ ರುಜು ಹಾಕಿ ಪೂರ್ತಿ ಒಂದು ವರ್ಷವಾಗಿ ಐದು ದಿನ ಕಳೆಯಿತು. 2025ರ ಆಗಸ್ಟ್ 27ರಂದು ಅದೇ ಅಮೆರಿಕವು ನಮ್ಮ ದೇಶದ ಹೆಚ್ಚಿನ ಮಾಲಿನ ಮೇಲಿನ ಸುಂಕವನ್ನು ನೂರಕ್ಕೆ 50ಕ್ಕೆ ಏರಿಸಿತು. ನಾವು ರಷ್ಯದಿಂದ ಎಣ್ಣೆ ಕೊಳ್ಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ. ಪೆಟ್ಟು ಬಿದ್ದದ್ದು ದೆಹಲಿಯ ಅಧಿಕಾರಿಗಳಿಗಲ್ಲ, ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳಿಗೆ, ಸಿದ್ಧ ಉಡುಪು ಹೊಲಿಯುವ ಹೆಣ್ಣುಮಕ್ಕಳಿಗೆ. ಸುಂಕ ಮುಂದೆ ಏರಲಿ ಇಳಿಯಲಿ, ರದ್ದಾದ ಆರ್ಡರು ಮತ್ತು ಕಳೆದುಹೋದ ಪಾಳಿ ಹಿಂದಕ್ಕೆ ಬರುವುದಿಲ್ಲ. ಒಂದು ಕೈಯಲ್ಲಿ ಎಂಜಿನ್ ಕೊಡುತ್ತೇನೆಂದು ಹೇಳಿ ಇನ್ನೊಂದು ಕೈಯಲ್ಲಿ ನಮ್ಮ ನೂಲಿನ ಕತ್ತು ಹಿಸುಕುವವನನ್ನು ಮಿತ್ರನೆನ್ನಬಹುದು. ಆದರೆ ಮನೆಯ ಬೀಗದ ಕೈಯನ್ನು ಅವನ ಹತ್ತಿರ ಇಡಬಹುದೆ? ಇದು ಅಮೆರಿಕಕ್ಕೆ ಮಾತ್ರ ಸಂಬಂಧಿಸಿದ ಮಾತಲ್ಲ. ರಷ್ಯ 1993ರಲ್ಲಿ ಬಾಗಿತು, ಬ್ರಿಟನ್ 1960ರ ದಶಕದಲ್ಲಿ ಹಣ ಕೇಳಿತು, ಚೀನ 2025ರಲ್ಲಿ ಬಾಗಿಲು ಮುಚ್ಚಿತು. ಪ್ರತಿಯೊಬ್ಬರೂ ತಮ್ಮ ಮನೆಯನ್ನು ಮೊದಲು ನೋಡಿಕೊಂಡರು. ಅದನ್ನು ತಪ್ಪೆನ್ನುವುದಕ್ಕಿಂತ ನಾವೂ ನಮ್ಮ ಮನೆಯನ್ನು ನೋಡಿಕೊಳ್ಳುವುದು ಮೇಲು.

ಒಳಮನೆಯ ಲೆಕ್ಕ

ನಮ್ಮ ಮನೆಯನ್ನು ನಾವು ಹೇಗೆ ನೋಡಿಕೊಂಡಿದ್ದೇವೆ? ಬೆಂಗಳೂರಿನಲ್ಲಿ ಕಾವೇರಿ ಎಂಬ ಸ್ವದೇಶಿ ವಿಮಾನ ಎಂಜಿನ್ನಿನ ಯೋಜನೆಗೆ 1989ರಲ್ಲಿ ಮಂಜೂರಾತಿ ಸಿಕ್ಕಿತು. ಬೇಕಾದಷ್ಟು ಬಲ ಬರಲಿಲ್ಲವೆಂದು 2008ರಲ್ಲಿ ಅದನ್ನು ತೇಜಸ್‌ನಿಂದ ಬೇರ್ಪಡಿಸಿದರು. ಎಂಜಿನ್ನಿನೊಳಗೆ ಲೋಹ ಕರಗುವಷ್ಟು ಬಿಸಿಯಲ್ಲಿ ತಿರುಗುವ ಅಲಗುಗಳನ್ನು ಎರಕ ಹೊಯ್ಯುವ ವಿದ್ಯೆ ಬೆರಳೆಣಿಕೆಯ ದೇಶಗಳಲ್ಲಿ ಮಾತ್ರ ಇದೆ. ಪರೀಕ್ಷೆಗಾಗಿ ನಮ್ಮ ಎಂಜಿನ್ನನ್ನು ರಷ್ಯಕ್ಕೆ ಹೊತ್ತುಕೊಂಡು ಹೋಗಬೇಕಾಯಿತು. ಕಷ್ಟ ನಿಜ. ಆದರೆ ಲೆಕ್ಕ ನೋಡಿ. ಮೂವತ್ತು ವರ್ಷಗಳಲ್ಲಿ ಕಾವೇರಿಗೆ ಖರ್ಚಾದದ್ದು ಸುಮಾರು 2,000 ಕೋಟಿ ರೂಪಾಯಿ. 2021ರಲ್ಲಿ ಒಂದೇ ಆರ್ಡರಿನಲ್ಲಿ 99 ಎಂಜಿನ್ನುಗಳಿಗೆ ಹೊರಗೆ ಕೊಡಲೊಪ್ಪಿದ್ದು 5,375 ಕೋಟಿ. 2025ರ ನವೆಂಬರ್‌ನಲ್ಲಿ ಇನ್ನೂ 113 ಎಂಜಿನ್ನುಗಳಿಗೆ ಅದೇ ಕಂಪೆನಿಗೆ ಆರ್ಡರು ಹೋಯಿತು. ಕಲಿಯಲು ಕೈ ಬಿಗಿ, ಕೊಳ್ಳಲು ಕೈ ಸಡಿಲ. ಮಗನ ಶಾಲೆಯ ಫೀಜಿಗೆ ಗೊಣಗುತ್ತಾ, ಅವನ ಅರ್ಜಿ ಬರೆಸಲು ಹೊರಗಿನ ಗುಮಾಸ್ತನಿಗೆ ಜೀವನಪೂರ್ತಿ ದುಡ್ಡು ಕೊಡುವ ತಂದೆಯ ವಿವೇಕ ಇದು.

ಅಯಸ್ಕಾಂತದ ಕಥೆಯೂ ಭಿನ್ನವಲ್ಲ. ಕೇರಳ, ತಮಿಳುನಾಡು, ಒಡಿಶಾದ ಕಡಲ ಮರಳಿನಲ್ಲಿ ವಿರಳ ಭಸ್ಮಗಳ ಮೊನಜೈಟ್ ಇದೆ. ಇದಕ್ಕಾಗಿಯೇ 1950ರಲ್ಲಿ ಇಂಡಿಯನ್ ರೇರ್ ಅರ್ಥ್ಸ್ ಎಂಬ ಸಾರ್ವಜನಿಕ ಸಂಸ್ಥೆಯನ್ನು ಸ್ಥಾಪಿಸಿ ಆಲುವಾದಲ್ಲಿ ಕಾರ್ಖಾನೆ ಕಟ್ಟಲಾಯಿತು. ಈ ದಾರಿಯಲ್ಲಿ ಚೀನಕ್ಕಿಂತ ಮೊದಲೇ ಹೆಜ್ಜೆ ಇಟ್ಟವರು ನಾವು. ಆದರೆ ಮರಳಿನಿಂದ ಅಯಸ್ಕಾಂತದವರೆಗಿನ ದಾರಿಯನ್ನು ಪೂರ್ತಿ ನಡೆಯಲಿಲ್ಲ. ಪೆಟ್ಟು ಬಿದ್ದ ಮೇಲೆ 2025ರ ನವೆಂಬರ್ 26ರಂದು ಕೇಂದ್ರ ಮಂತ್ರಿಮಂಡಲ 7,280 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವರ್ಷಕ್ಕೆ 6,000 ಟನ್ ಅಯಸ್ಕಾಂತ ಮಾಡುವುದು ಗುರಿ, ಹರಾಜಿನ ಮೂಲಕ ಐದು ಕಂಪೆನಿಗಳನ್ನು ಆರಿಸುವುದು ಕ್ರಮ. ಯೋಜನೆ ಬೇಕಾದದ್ದೇ, ನಾವು ಸ್ವಾಗತಿಸುತ್ತೇವೆ. ಆದರೆ ಪ್ರಜೆಗಳ ಹಣದಿಂದ ಬೆಳೆದ ಕಾರ್ಖಾನೆಯನ್ನು ಹತ್ತು ವರ್ಷದ ಮೇಲೆ ಒಳ್ಳೆಯ ಬೆಲೆ ಬಂತೆಂದು ಹೊರಗಿನವರಿಗೆ ಮಾರದಂತೆ ತಡೆಯೇನು? ಇಂಡಿಯಾನಾದ ಪಾಠವನ್ನು ನಮ್ಮವರು ಓದಿದ್ದಾರೆಯೆ? ಮರಳು ತೆಗೆಯುವ ಕಡಲ ತೀರದ ಬೆಸ್ತರಿಗೆ ಈ 7,280 ಕೋಟಿಯಲ್ಲಿ ಸಿಗುವುದೇನು?

ಇನ್ನು ಸಣ್ಣವರ ಮಾತು. ದೊಡ್ಡ ಕಾರ್ಖಾನೆಯ ಹೆಸರಿನಲ್ಲಿ ಹಾರುವ ವಿಮಾನದ ಎಷ್ಟೋ ಭಾಗಗಳನ್ನು ಪೀಣ್ಯದಂಥ ಬಡಾವಣೆಗಳಲ್ಲಿ, ಹತ್ತಿಪ್ಪತ್ತು ಆಳುಗಳ ಸಣ್ಣ ಶೆಡ್ಡುಗಳಲ್ಲಿ ಟರ್ನರುಗಳೂ ಫಿಟ್ಟರುಗಳೂ ಲೇತಿನ ಮುಂದೆ ನಿಂತು ಮಾಡುತ್ತಾರೆ. ಬೆಳಗಾವಿಯ ಕುಶಲಕರ್ಮಿಗಳು ಪರದೇಶದ ವಿಮಾನಗಳಿಗೂ ಭಾಗಗಳನ್ನು ಮಾಡಿಕೊಡುತ್ತಾರೆ. ನಿಜವಾದ ಸರಬರಾಜಿನ ಸರಪಳಿ ಎಂದರೆ ಇವರು. ಸಣ್ಣ ಉದ್ಯಮಿಗೆ 45 ದಿನಗಳೊಳಗೆ ಹಣ ಕೊಡಬೇಕೆಂದು 2006ರ ಕಾನೂನು ಹೇಳುತ್ತದೆ. ಆದರೂ ಮಾಲು ಕೊಟ್ಟು ತಿಂಗಳುಗಟ್ಟಲೆ ಕಾಯ್ದು, ಲೇವಾದೇವಿಯವನ ಬಡ್ಡಿಗೆ ಸಿಕ್ಕಿಕೊಂಡ ಶೆಡ್ಡಿನ ಮಾಲಿಕರ ಗೋಳನ್ನು ನಾವು ಕೇಳಿದ್ದೇವೆ. ಉದ್ರಿ ಕೊಟ್ಟು ಮುಳುಗಿದ ಅಂಗಡಿಕಾರರಿಗೆ ಇದನ್ನು ವಿವರಿಸಬೇಕಾದ್ದಿಲ್ಲ. ಒಂದು ಶೆಡ್ಡು ಮುಚ್ಚಿದರೆ ಒಂದು ಲೇತು ಹರಾಜಾಗುತ್ತದೆ, ಹತ್ತು ವರ್ಷ ಕಲಿತ ಕೈ ಆಟೋ ಓಡಿಸಲು ಹೋಗುತ್ತದೆ. ಅಮೆರಿಕದಲ್ಲಿ ಐದು ವರ್ಷ ನಿಂತ ಸಾಲನ್ನು ಮತ್ತೆ ಕೂಡಿಸಲು ಎಷ್ಟು ಕಷ್ಟವಾಯಿತೋ ನಮ್ಮ ಶೆಡ್ಡುಗಳನ್ನು ಮತ್ತೆ ಕೂಡಿಸಲೂ ಅಷ್ಟೇ ಕಷ್ಟ.

ಕೆಲಸಗಾರರ ಪಾಡೇನು? 2021ರಲ್ಲಿ 41 ಸರ್ಕಾರಿ ಮದ್ದುಗುಂಡಿನ ಕಾರ್ಖಾನೆಗಳನ್ನು ಏಳು ಕಂಪೆನಿಗಳಾಗಿ ಒಡೆಯುವಾಗ 70,000ಕ್ಕೂ ಮಿಕ್ಕಿದ ಕೆಲಸಗಾರರು ವಿರೋಧಿಸಿದರು. ಆಗ ದೇಶರಕ್ಷಣೆಯ ಹೆಸರಿನಲ್ಲಿ ಮುಷ್ಕರವನ್ನೇ ಅಪರಾಧ ಮಾಡುವ ಕಾನೂನು ಬಂತು. ಅದಕ್ಕೆ ಒಂದೇ ವರ್ಷದ ಆಯುಸ್ಸಿತ್ತು, ಆದರೆ ಆಳುವವರ ಮನಸ್ಸು ಏನೆಂಬುದನ್ನು ಅದು ತೋರಿಸಿತು. ಎಂಜಿನ್ ತಡಮಾಡಿದ ಪರದೇಶದ ಕಂಪೆನಿಗೆ ವಿನಯದ ಪತ್ರ, ಕೂಲಿ ಕೇಳಿದ ಸ್ವದೇಶದ ಕೆಲಸಗಾರನಿಗೆ ಜೈಲಿನ ಹೆದರಿಕೆ. ಇದು ಭದ್ರತೆಯಲ್ಲ.

ಆಗಬೇಕಾದ್ದೇನು?

ನಮ್ಮ ಅಭಿಪ್ರಾಯವನ್ನು ಚುಟುಕಾಗಿ ಹೇಳುತ್ತೇವೆ. ಮೊದಲನೆಯದು, ಮಿತ್ರರಾಷ್ಟ್ರಗಳೊಡನೆ ಮಾಡಿಕೊಳ್ಳುವ ಸರಬರಾಜಿನ ಒಪ್ಪಂದಗಳನ್ನು ಲೋಕಸಭೆಯ ಮುಂದಿಟ್ಟು ಚರ್ಚಿಸಬೇಕು. ನಾವು ಕೊಡುವುದೇನು, ಪಡೆಯುವುದೇನು ಎಂಬುದು ಪ್ರಜೆಗಳಿಗೆ ತಿಳಿಯಬೇಕು. ಎರಡನೆಯದು, ಹೊರಗಿನಿಂದ ಕೊಳ್ಳುವ ಪ್ರತಿಯೊಂದು ದೊಡ್ಡ ಯಂತ್ರದ ಜೊತೆಗೆ ಅದನ್ನು ರಿಪೇರಿ ಮಾಡುವ, ಬಿಡಿಭಾಗ ತಯಾರಿಸುವ ವಿದ್ಯೆಯೂ ಬರಬೇಕು, ಮತ್ತು ಒಬ್ಬನನ್ನೇ ನಂಬದೆ ಇಬ್ಬರು ಮೂವರಿಂದ ಕೊಳ್ಳುವ ದಾರಿ ಇರಬೇಕು. ಮೂರನೆಯದು, ಸ್ವದೇಶಿ ಎಂಜಿನ್ನಿಗೂ ಅಯಸ್ಕಾಂತಕ್ಕೂ ವರ್ಷವರ್ಷವೂ ತಪ್ಪದೆ ಹಣ ಸಿಗಬೇಕು. ಒಮ್ಮೆ ಸೋತರೆ ಕೈಬಿಡಬಾರದು. 2010ರಲ್ಲಿ ಸಮುದ್ರಕ್ಕೆ ಬಿದ್ದ ರಾಕೆಟ್ಟನ್ನು ನೋಡಿ ಕೈಬಿಟ್ಟಿದ್ದರೆ 2023ರ ಜುಲೈ 14ರಂದು ಚಂದ್ರಯಾನ ಹೊರಡುತ್ತಿರಲಿಲ್ಲ. ನಾಲ್ಕನೆಯದು, ಸಣ್ಣ ಶೆಡ್ಡುಗಳಿಗೆ 45 ದಿನಗಳೊಳಗೆ ಹಣ ಕೈಸೇರಬೇಕು. ಜಿಲ್ಲಾ ಪಟ್ಟಣಗಳಲ್ಲಿ ಎಲ್ಲರೂ ಬಳಸಬಹುದಾದ ಪರೀಕ್ಷಾಶಾಲೆಗಳನ್ನು ತೆರೆಯಬೇಕು. ಮುಚ್ಚಿದ ಗಿರಣಿಗಳ ಊರುಗಳಲ್ಲಿ ಯಂತ್ರದ ಕೈಚಳಕ ಇನ್ನೂ ಸತ್ತಿಲ್ಲ, ಅವರ ಮಕ್ಕಳಿಗೆ ಕೈಗಾರಿಕಾ ತರಬೇತಿ ಶಾಲೆಗಳಲ್ಲಿ ಈ ಹೊಸ ಕಸುಬನ್ನು ಕಲಿಸಬೇಕು. ಐದನೆಯದು, ದೇಶರಕ್ಷಣೆಯ ಕೆಲಸ ಮಾಡುವವನಿಗೆ ಖಾಯಂ ನೌಕರಿ, ನ್ಯಾಯವಾದ ಕೂಲಿ, ಸಂಘ ಕಟ್ಟುವ ಹಕ್ಕು ಇರಬೇಕು. ಆರನೆಯದು, ಖನಿಜ ತೆಗೆಯುವ ಊರಿನ ಜನರ ಆರೋಗ್ಯಕ್ಕೂ ಜೀವನಕ್ಕೂ ಆ ಲಾಭದಲ್ಲಿ ಪಾಲಿರಬೇಕು.

ಇವಕ್ಕೆ ಬಹಳ ಕಾಲ ಹಿಡಿಯುತ್ತದೆ ಎಂದು ಆಕ್ಷೇಪಿಸುವವರಿದ್ದಾರೆ. ಹಿಡಿಯುತ್ತದೆ. ಅಲ್ಲಿಯವರೆಗೆ ಹೊರಗಿನಿಂದ ಕೊಳ್ಳಲೇಬೇಕು, ಗಡಿ ಕಾಯುವ ಕೆಲಸ ನಮ್ಮ ಕಲಿಕೆಗಾಗಿ ನಿಲ್ಲಲಾರದು. ಇದನ್ನು ನಾವು ಒಪ್ಪುತ್ತೇವೆ. ಆದರೆ ಕೊಳ್ಳುವುದು ಕಲಿಯುವವರೆಗೆ ಎಂದಿರಬೇಕು, ಕಲಿಯುವ ಬದಲಿಗೆ ಎಂದಾಗಬಾರದು. ಮಾರುತ್ ಹಾರಿದ 1961ರಿಂದ ಇಂದಿನವರೆಗೆ ನಾವು ಎಡವಿದ್ದು ಇದೊಂದೇ ಕಲ್ಲಿಗೆ.

ಮಿತ್ರರ ಜೊತೆ ಸರಪಳಿ ಹೆಣೆಯುವುದರಲ್ಲಿ ತಪ್ಪಿಲ್ಲ. ಆದರೆ ಆ ಸರಪಳಿಯ ಒಂದು ಗಟ್ಟಿ ಕೊಂಡಿ ನಮ್ಮ ಕುಲುಮೆಯಲ್ಲಿ ತಯಾರಾದದ್ದಾಗಿರಬೇಕು. ಇಲ್ಲದಿದ್ದರೆ ಇಂದು ಕೈಗೆ ಕಟ್ಟಿದ ಸರಪಳಿ ನಾಳೆ ಕೊರಳಿಗೆ ಬೀಳುತ್ತದೆ. ಆ ಕೊಂಡಿಯನ್ನು ಬಡಿದು ಮಾಡುವವರು ಮಂತ್ರಿಗಳಲ್ಲ, ಕಂಪೆನಿಯ ಡೈರೆಕ್ಟರುಗಳಲ್ಲ, ಲೇತಿನ ಮುಂದೆ ನಿಂತವರು, ಎರಕ ಹೊಯ್ಯುವವರು, ಅವರಿಗೆ ಮಾಲು ಒದಗಿಸುವ ಸಣ್ಣ ವ್ಯಾಪಾರಿಗಳು. ಈ ವಿಚಾರವನ್ನು ಗಿರಣಿಯ ಬಾಗಿಲಲ್ಲಿ, ಸಂಘದ ಸಭೆಯಲ್ಲಿ, ಸಂತೆಯಲ್ಲಿ ಮಾತಾಡಿ. ಮುಂದಿನ ಸಲ ಓಟು ಕೇಳಲು ಬರುವವರನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿ: ನಮ್ಮ ಎಂಜಿನ್ ಎಲ್ಲಿ?